ಸುರುಳಿಯೊಳಗಿನ ಜಿಡ್ಡು

ಈ ಕಥೆಯನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲು ಕ್ಷಮೆ ಇರಲಿ. ಇದರಲ್ಲಿ ರಸಾಯನಶಾಸ್ತ್ರವಿದೆ, ಅದನ್ನು ಕ್ರಮವಾಗಿ ಕಲಿತವರು ಹೇಳಿದ್ದರೆ ಚೆನ್ನಾಗಿತ್ತು. ಎಳೆಯ ಮಕ್ಕಳ ಹೊಟ್ಟೆಯ ಸಂಗತಿಯೂ ಇದೆ. ಅದನ್ನು ವೈದ್ಯರು ಹೇಳಬೇಕಿತ್ತು. ಅವರಾರೂ ಹೇಳದೆ ಉಳಿದಿರುವುದರಿಂದ, ತಿಳಿದಷ್ಟನ್ನು ಹೆಚ್ಚುಕಡಿಮೆ ಇಲ್ಲದಂತೆ ಹೇಳುವ ಪ್ರಯತ್ನ ಇದು. ಎಲ್ಲಾದರೂ ಲೆಕ್ಕ ತಪ್ಪಿದ್ದರೆ ಆ ತಪ್ಪು ಹೇಳುವವರದು, ನೀಲಗಂಗಾಳದಲ್ಲ. ಅವಳ ಅಳತೆ ತಪ್ಪುತ್ತಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಹಿರೇಮಾಳದ ಧಾನ್ಯ ಪರೀಕ್ಷಾಲಯ ಬೆಳಗಿನ ಐದೂವರೆಗೆ ತೆರೆದು ಹನ್ನೊಂದಕ್ಕೆ ಮುಚ್ಚುತ್ತಿತ್ತು. ಅದಕ್ಕೆ ಕಾರಣ ಈಥರ್. ಹಿಟ್ಟಿನಿಂದ ಕೊಬ್ಬನ್ನು ಬಿಡಿಸಿಕೊಳ್ಳುವ ಆ ದ್ರವ ಮೂವತ್ತೈದು ಡಿಗ್ರಿಗೆಲ್ಲ ಕುದಿಯತೊಡಗುತ್ತದೆ. ಆ ಕಾಲದ ಬೇಸಿಗೆಯಲ್ಲಿ ಹಿರೇಮಾಳದ ಮಧ್ಯಾಹ್ನ ನಲವತ್ತೇಳು ಮುಟ್ಟುತ್ತಿತ್ತು. ಬಾಟಲಿಯ ಬಿರಡೆ ತೆಗೆದಿಟ್ಟರೆ ಈಥರ್ ತಾನಾಗಿಯೇ ಎದ್ದು ಹೋಗುತ್ತಿತ್ತು. ಹಾಗಾಗಿ ಸೂರ್ಯ ಏರುವ ಮುಂಚೆ ಕೆಲಸ ಮುಗಿಯಬೇಕು.

ಕೆಲಸ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಕಾಗದದ ಕೊಳವೆಯಲ್ಲಿ ಐದು ಗ್ರಾಂ ಹಿಟ್ಟು. ಕೆಳಗಿನ ಫ್ಲಾಸ್ಕಿನಲ್ಲಿ ಈಥರ್ ಕುದಿಯುತ್ತದೆ, ಆವಿ ಮೇಲೇರುತ್ತದೆ, ತಣ್ಣೀರು ಹರಿಯುವ ನಳಿಗೆಗೆ ತಾಗಿ ಹನಿಹನಿಯಾಗಿ ಹಿಟ್ಟಿನ ಮೇಲೆ ಬೀಳುತ್ತದೆ. ಹಿಟ್ಟು ಮುಳುಗುವಷ್ಟು ತುಂಬಿದಾಗ ಒಮ್ಮೆಲೇ ಸರಕ್ಕನೆ ಕೆಳಗಿಳಿದು ಜಿಡ್ಡನ್ನೂ ಜೊತೆಗೆ ಒಯ್ಯುತ್ತದೆ. ಮತ್ತೆ ಕುದಿ, ಮತ್ತೆ ಹನಿ. ಕೊನೆಗೆ ಈಥರನ್ನು ಹಾರಿಸಿಬಿಟ್ಟರೆ ಫ್ಲಾಸ್ಕಿನ ತಳದಲ್ಲಿ ಉಳಿಯುವ ಹಳದಿ ಪಸೆಯೇ ಕೊಬ್ಬು. ಅದನ್ನು ತೂಗಿ, ಬರೆದು, ಸಹಿ ಮಾಡುವುದು. ನೀಲಗಂಗಾ ಇಪ್ಪತ್ತಮೂರು ವರ್ಷದಿಂದ ಇದನ್ನು ಮಾಡುತ್ತಿದ್ದಳು. ಬೆರಳಿನ ಬೆವರು ತಾಗಿದರೆ ತೂಕ ಏರುತ್ತದೆಂದು ಫ್ಲಾಸ್ಕನ್ನು ಎಂದೂ ಬರಿಗೈಲಿ ಮುಟ್ಟಿದವಳಲ್ಲ.

ಆ ಸೀಮೆಯಲ್ಲಿ ಬಿಸಿಲು ಏರಿದ ಮೇಲೆ ಜೋಳ ನಿಲ್ಲಲಿಲ್ಲ, ಉಳಿದದ್ದು ಸಜ್ಜೆ ಒಂದೇ. ಸಜ್ಜೆಗೆ ಒಂದು ಹುಟ್ಟು ಊನ. ಕಾಳಿನೊಳಗೆ ಕೊಬ್ಬು ಒಂದು ಕಡೆ, ಕೊಬ್ಬನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ಬೀಸಿದ ಕೂಡಲೇ ಎರಡೂ ಕೂಡಿಕೊಂಡು ಹಿಟ್ಟು ಕಹಿಯಾಗುತ್ತದೆ. ಹಿಂದೆ ಎಂಟು ಹತ್ತು ದಿನ ತಡೆಯುತ್ತಿದ್ದ ಹಿಟ್ಟು ಈಗ ಮೂರು ದಿನಕ್ಕೆ ಕೆಡತೊಡಗಿತು. ಮೂರು ದಿನಕ್ಕೊಮ್ಮೆ ಹೆಂಗಸರು ಕಾಳು ಹೊತ್ತು ಗಿರಣಿಯ ಮುಂದೆ ಸಾಲು ನಿಂತರು. ನಿಂತಲ್ಲೇ ಬಿಸಿಲು ಬಡಿದು ಬಿದ್ದವರಿದ್ದರು.

ಆಗ ಬಂದದ್ದು ಬಾಳಿಕೆ ಸಜ್ಜೆ. ಕಾಳಿನ ಪಿಷ್ಟವೆಂದರೆ ಒಂದು ಉದ್ದನೆಯ ಸುರುಳಿ, ಪೆನ್ನಿನೊಳಗಿನ ಸ್ಪ್ರಿಂಗಿನ ಹಾಗೆ. ಹೊಸ ತಳಿಯಲ್ಲಿ ಕೊಬ್ಬಿನ ಎಳೆ ಆ ಸುರುಳಿಯ ಒಳಗೆ ಹೋಗಿ ಕೂರುವಂತೆ ಮಾಡಿದ್ದರು. ಗಾಳಿ ತಾಗದು, ಕಿಣ್ವ ಮುಟ್ಟದು. ಒಂದೇ ದೊಡ್ಡ ಗಿರಣಿಯಲ್ಲಿ ಬೀಸಿ ಪೊಟ್ಟಣ ಕಟ್ಟಿ ಕಳಿಸಿದ ಹಿಟ್ಟು ವರ್ಷವಾದರೂ ಸಿಹಿಯಾಗಿಯೇ ಇರುತ್ತಿತ್ತು.

ಅದರೊಳಗಿನ ಕೊಬ್ಬನ್ನು ಈಥರ್ ಕೂಡ ಮುಟ್ಟಲಿಲ್ಲ. ಆರು ವರ್ಷದ ಹಿಂದೆ ಮೊದಲ ಮಾದರಿ ಬಂದಾಗ ನೀಲಗಂಗಾಳಿಗೆ ಸಿಕ್ಕಿದ್ದು ನೂರಕ್ಕೆ ಸೊನ್ನೆ ಪಾಯಿಂಟ್ ಎಂಟು. ತಳಿ ಮಾಡಿದವರು ಐದೂವರೆ ಎಂದಿದ್ದರು. ತನ್ನ ಕೈಯದೇ ತಪ್ಪೆಂದು ಒಂಬತ್ತು ಸಲ ಮಾಡಿದಳು. ಆಮೇಲೆ ಹಳೆಯ ಕೈಪಿಡಿ ನೋಡಿ, ಹಿಟ್ಟನ್ನು ಮೊದಲು ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಒಂದು ತಾಸು ಕುದಿಸಿ ಸುರುಳಿಯನ್ನು ಒಡೆದು, ಅನಂತರ ಈಥರಿಗೆ ಹಾಕಿದಳು. ಮೂರು ಪಾಯಿಂಟ್ ಒಂಬತ್ತು. ಇನ್ನೂ ಎಲ್ಲೋ ಉಳಿದಿದೆ, ತನ್ನಿಂದ ಸೋರಿಹೋಗಬಾರದು ಎಂಬ ಅಂಜಿಕೆ. ಎರಡು ತಾಸು ಕುದಿಸಿದಳು, ನಾಲ್ಕು ಪಾಯಿಂಟ್ ಎಂಟು. ಮೂರು ತಾಸಿಗೆ ಐದು ಪಾಯಿಂಟ್ ನಾಲ್ಕು. ನಾಲ್ಕು ತಾಸಿಗೂ ಅಷ್ಟೇ ಬಂದಾಗ ಅವಳಿಗೆ ನಿದ್ದೆ ಹತ್ತಿತು. ಮೇಲಿನವರು ಅದನ್ನು ನಿಯಮವನ್ನಾಗಿಸಿ ಹಿರೇಮಾಳ ಕ್ರಮ ಎಂದು ಹೆಸರಿಟ್ಟರು. ಹಿಟ್ಟಿನಲ್ಲೇ ಇಷ್ಟು ಕೊಬ್ಬಿದೆಯಲ್ಲ ಎಂದು ಅಂಗನವಾಡಿ ಮಕ್ಕಳ ಪೊಟ್ಟಣದ ಜೊತೆ ಕೊಡುತ್ತಿದ್ದ ಎಣ್ಣೆಯನ್ನು ಆ ವರ್ಷವೇ ನಿಲ್ಲಿಸಿದರು. ಅದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿ ಮರೆತೂ ಹೋಗಿತ್ತು.

ಮಕ್ಕಳನ್ನು ತೂಗುವ ದಿನ ಅವಳು ಮೊಮ್ಮಗಳು ಹೊನ್ನಿಯನ್ನು ಎತ್ತಿಕೊಂಡು ಅಂಗನವಾಡಿಗೆ ಹೋದಳು. ಮಗಳು ಸಿಂಚನಾ ಸೌರವಿದ್ಯುತ್ ಫಲಕಗಳ ಬಯಲಿನಲ್ಲಿ ಅವನ್ನು ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಎದೆಹಾಲು ಬೇಗ ಬತ್ತಿತ್ತು. ಹೊನ್ನಿಗೆ ಹದಿನಾಲ್ಕು ತಿಂಗಳು. ತಿನ್ನುತ್ತಿದ್ದದ್ದು ಪೊಟ್ಟಣದ ಸಜ್ಜೆ ಅಂಬಲಿ, ಒಂದಿಷ್ಟು ಹಾಲು.

ಅಂಗನವಾಡಿಯ ಬೀಬಿಜಾನ್ ಕೂಸನ್ನು ತಕ್ಕಡಿಯ ಜೋಲಿಯಲ್ಲಿ ಕೂರಿಸಿ ಮುಳ್ಳು ನೋಡಿದಳು. ಏಳು ಕಿಲೋ ಇನ್ನೂರು.

“ಮೂರ ತಿಂಗಳಾತ್ರಿ ಅಕ್ಕಾರ, ಮುಳ್ಳು ಅಲ್ಲೇ ಕುಂತೈತಿ.”

“ತಕ್ಕಡಿ ಸರಿ ಐತೇನ?”

“ತಕ್ಕಡಿ ಕೆಟ್ಟಿದ್ರ ಎಲ್ಲಾ ಕೂಸಿನ ಮುಳ್ಳೂ ಅಲ್ಲೇ ಕುಂದರಬೇಕಿತ್ತು. ಹದಿನಾರ ಕೂಸಿನಾಗ ಹನ್ನೊಂದು ಹಿಂಗ ಅದಾವ.”

“ಮ್ಯಾಲಿನವರಿಗೆ ಬರೀಲಿಲ್ಲೇನ?”

ಬೀಬಿಜಾನ್ ಹೊನ್ನಿಯ ಅಂಗಿ ಸರಿಮಾಡುತ್ತ, ಮುಖ ನೋಡದೆ ಹೇಳಿದಳು: “ಎರಡ ಸಲ ಬರದಿದ್ನಿ. ಹಿಟ್ಟಿನಾಗ ಕೊಬ್ಬು ಐದು ಪಾಯಿಂಟ್ ನಾಲ್ಕು ಐತಿ, ತಾಯಂದಿರು ನೆಟ್ಟಗ ತಿನಸವಲ್ರು ಅಂತ ಉತ್ತರ ಬಂತು. ಅದರ ಜೋಡಿ ಹಚ್ಚಿದ್ದ ವರದಿ ಕೆಳಗ ನಿಮ್ಮ ಸಹಿ ಇತ್ರೀ.”

ನೀಲಗಂಗಾ ಮನೆಗೆ ಬಂದಾಗ ಹನ್ನೆರಡಾಗಿತ್ತು. ಅತ್ತೆ ಫಕೀರವ್ವ ಪಡಸಾಲೆಯಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಎಪ್ಪತ್ತೆಂಟರ ಆ ಮುದುಕಿ ಮಾತಿಲ್ಲದೆ ಐದು ನಿಮಿಷ ಇರುವವಳಲ್ಲ. ಕೂಸಿನ ಲಂಗೋಟಿಯೊಂದನ್ನು ಎತ್ತಿ ಹಪ್ಪಳದಂತೆ ಬಡಿದು ತೋರಿಸಿದಳು.

“ನೋಡ ನೀಲಾ, ನಿನ್ನ ಮೊಮ್ಮಗಳು ದೊಡ್ಡ ಸಾಹೇಬಳು. ಲಂಗೋಟಿಗೂ ಗಂಜಿ ಹಾಕಿ ಇಸ್ತ್ರಿ ಮಾಡಿಸ್ಯಾಳ. ಎಷ್ಟ ಒಗದ್ರೂ ಹಿಂಗ ಬಿರುಸಾಗತಾವ.”

“ಯಾವಾಗಿಂದ ಅತ್ತಿ?”

“ಅಂಬಲಿ ಹಿಡದಾಗಿಂದ. ನನ್ನ ಮಕ್ಕಳದು ಹಿಂಗ ಇರ್ಲಿಲ್ಲ ತಗೋ.”

ನೀಲಗಂಗಾ ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಬಟ್ಟೆ ಗಂಜಿ ಹಾಕಿದಂತೆ ಬಿರುಸಾಗಬೇಕಾದರೆ ಅದರಲ್ಲಿ ಪಿಷ್ಟ ಇರಬೇಕು. ಹೊಟ್ಟೆಗೆ ಹೋದ ಪಿಷ್ಟ ಕರಗದೆ ಹೊರಬಂದಿರಬೇಕು. ಪಿಷ್ಟ ಕರಗಿಲ್ಲವೆಂದರೆ ಸುರುಳಿ ಬಿಚ್ಚಿಲ್ಲ. ಸುರುಳಿ ಬಿಚ್ಚಿಲ್ಲವೆಂದರೆ, ಒಳಗಿನದೂ ಒಳಗೇ ಇದೆ. ಕೂಸಿನ ಹೊಟ್ಟೆಯಲ್ಲಿ ಮೂರು ತಾಸು ಕುದಿಯುವ ಆಸಿಡ್ ಎಲ್ಲಿಂದ ಬರಬೇಕು?

ಮೂರು ದಿನ ಕೂಸು ತಿಂದದ್ದನ್ನೆಲ್ಲ ಅಡುಗೆಮನೆಯಲ್ಲಿ ತೂಗಿ ಬರೆದಳು, ಕೂಸು ಹೊರಹಾಕಿದ್ದನ್ನೆಲ್ಲ ಸ್ಟೀಲ್ ಡಬ್ಬಿಯಲ್ಲಿ ಕೂಡಿಟ್ಟು ಬಿಸಿಲಿನಲ್ಲಿ ಒಣಗಿಸಿದಳು. ನಾಲ್ಕನೆಯ ಬೆಳಗ್ಗೆ ಡಬ್ಬಿ ಹಿಡಿದು ಪರೀಕ್ಷಾಲಯಕ್ಕೆ ಬಂದಾಗ, ಜೊತೆಯ ಕೆಲಸಗಾರ ಯಮನೂರಪ್ಪ ಕೈ ಚಾಚಿದ.

“ಏನ್ರೀ ಅಕ್ಕಾರ, ಶೇಂಗಾ ಚಟ್ನಿ ತಂದಂಗ ಕಾಣತೈತಿ. ರೊಟ್ಟಿ ನಾ ತಂದೀನಿ, ತೆಗೀರಿ.”

“ಮುಟ್ಟಬ್ಯಾಡ ಯಮನೂರಪ್ಪ. ಅದು ಹೊನ್ನಿದು.”

“ಕೂಸಿಗೆ ಮಾಡಿದ್ದು ನಾ ಒಂದ ಚಮಚ ತಿಂದ್ರ ಏನಾಕ್ಕೈತ್ರಿ?”

“ಕೂಸಿಗೆ ಮಾಡಿದ್ದಲ್ಲೋ, ಕೂಸು ಮಾಡಿದ್ದು.”

ಯಮನೂರಪ್ಪ ಆ ದಿನ ತನ್ನ ರೊಟ್ಟಿಯನ್ನೂ ತಿನ್ನಲಿಲ್ಲ. ಆದರೆ ನಗು ನಿಂತ ಮೇಲೆ ತಾನೇ ಬಂದು ಎರಡನೆಯ ಒಲೆ ಹಚ್ಚಿಕೊಟ್ಟ.

ಅವಳು ಪುಡಿಯನ್ನು ಎರಡು ಪಾಲು ಮಾಡಿದಳು. ಒಂದನ್ನು ಬರೀ ಈಥರಿಗೆ ಹಾಕಿದಳು, ಇನ್ನೊಂದನ್ನು ಮೊದಲು ಆಸಿಡ್ಡಿನಲ್ಲಿ ಕುದಿಸಿದಳು. ಮೊದಲನೆಯ ಫ್ಲಾಸ್ಕಿನಲ್ಲಿ ಪಸೆ ಕಾಣಲೇ ಇಲ್ಲ. ಎರಡನೆಯದರ ತಳದಲ್ಲಿ ಹಳದಿ ಕೊಬ್ಬು ಬಿಲ್ಲೆಯ ಹಾಗೆ ಕೂತಿತ್ತು. ತಿಂದ ಕೊಬ್ಬಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ ಅರವತ್ತು ಪಾಲು ಸುರುಳಿಯೊಳಗೇ ಕೂತು ಹೇಗೆ ಹೋಗಿತ್ತೋ ಹಾಗೇ ಹೊರಬಂದಿತ್ತು.

ಅವಳಿಗೆ ಸಂತೋಷವೇನೂ ಆಗಲಿಲ್ಲ. ಒಂದು ಕೂಸು, ಒಂದು ಡಬ್ಬಿ. ಇದರಿಂದ ಏನು ಹೇಳಲಾದೀತು? ಸಂಜೆ ಬೀಬಿಜಾನಳ ಮನೆಗೆ ಹೋಗಿ ಇನ್ನೂ ಏಳು ಮಕ್ಕಳದ್ದು ಬೇಕೆಂದಳು.

“ಯಾ ಅಲ್ಲಾ! ತಾಯಂದಿರಿಗೆ ಏನಂತ ಕೇಳ್ಲಿ ಅಕ್ಕಾರ? ಹಿಟ್ಟು ಕೊಟ್ಟಿದ್ವಿ, ಈಗ ತಿರುಗಿ ಕೊಡ್ರಿ ಅಂತೇನು?”

“ಹಂಗ ಕೇಳು. ನಕ್ಕೊಂತ ಕೊಡತಾರ.”

ನಗುತ್ತ ಕೊಟ್ಟವರು ಐವರು, ಬೈದು ಕೊಟ್ಟವರು ಇಬ್ಬರು. ಎರಡು ಮನೆಗಳಲ್ಲಿ ಇನ್ನೂ ಹಿತ್ತಲಲ್ಲಿ ಹಳೆಯ ಸಜ್ಜೆ ಬೆಳೆದು ಮನೆಯಲ್ಲೇ ಬೀಸುತ್ತಿದ್ದರು. ಆ ಮಕ್ಕಳ ಪುಡಿಯಲ್ಲಿ ಕೊಬ್ಬು ಕೊಂಚವೇ. ಉಳಿದ ಐದರಲ್ಲಿ ಅರ್ಧ, ಅರ್ಧಕ್ಕಿಂತ ಹೆಚ್ಚು. ಹನ್ನೆರಡು ದಿನ ಹಿಡಿಯಿತು. ಕೈ ತೊಳೆದು ತೊಳೆದು ಚರ್ಮ ಸುಲಿದಿತ್ತು.

ಪರೀಕ್ಷಾಲಯದ ಮುಖ್ಯಸ್ಥ ಇನಾಮದಾರ ಒಳ್ಳೆಯ ಮನುಷ್ಯ. ಅವಳ ಹಾಳೆಗಳನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟರು.

“ನೀಲಗಂಗಾ ಅವ್ರ, ಹಾಲಿನ ಕೊಬ್ಬು ಹೊಟ್ಟ್ಯಾಗ ಸುಣ್ಣದ ಅಂಶ ಹಿಡದು ಸಾಬೂನು ಆಗತೈತಿ. ಆ ಸಾಬೂನೂ ಈಥರಿಗೆ ಬರಂಗಿಲ್ಲ, ಆಸಿಡ್ಡಿಗೇ ಬರತೈತಿ. ನಿಮ್ಮ ಅರವತ್ತರಾಗ ಸಾಬೂನೆಷ್ಟು, ಸಜ್ಜಿ ಎಷ್ಟು?”

“ಗೊತ್ತಿಲ್ರೀ ಸರ್. ಹಳೇ ಸಜ್ಜಿ ತಿನ್ನೋ ಕೂಸುಗಳೂ ಹಾಲು ಕುಡಿತಾವ. ಅವುಗಳದು ಇಷ್ಟ ಬಂದಿಲ್ಲ.”

“ಎರಡ ಕೂಸು.”

“ಹೌದ್ರೀ. ಎರಡ.”

“ದೊಡ್ಡವರಿಗೆ ಏನೂ ಆಗಿಲ್ಲಲ್ಲ?”

“ದೊಡ್ಡವರು ಶೇಂಗಾ ತಿಂತಾರ, ಒಗ್ಗರಣಿ ತಿಂತಾರ್ರೀ. ಕೂಸಿಗೆ ಇದ ಎಲ್ಲಾ.”

ಇನಾಮದಾರ ಕಿಟಕಿಯ ಪರದೆ ಎಳೆದರು. ಹತ್ತಕ್ಕೇ ಬಿಸಿಲು ಮೇಜಿನ ಮೇಲೆ ಬಂದಿತ್ತು. ನಿಯಮ ಅವಳಿಗೂ ಗೊತ್ತಿತ್ತು. ಮೂರು ತಿಂಗಳಿಗೊಮ್ಮೆ ಹೋಗುವ ನಮೂನೆಯಲ್ಲಿ ಕೊಬ್ಬಿಗೆ ಒಂದೇ ಚೌಕ, ಅದರಲ್ಲಿ ಒಂದೇ ಸಂಖ್ಯೆ. ಐದಕ್ಕಿಂತ ಮೇಲಿದ್ದರೆ ಪೊಟ್ಟಣ ಹೊರಡುತ್ತದೆ. ಕಡಿಮೆಯಿದ್ದರೂ, ಚೌಕ ಖಾಲಿಯಿದ್ದರೂ ಇಡೀ ತಾಲ್ಲೂಕಿಗೆ ಬಾಳಿಕೆ ಸಜ್ಜೆ ತಾನಾಗಿಯೇ ನಿಲ್ಲುತ್ತದೆ. ಹಳೆಯ ಸಜ್ಜೆ, ಹಳೆಯ ಗಿರಣಿ.

“ಒಂದ ಪತ್ರ ಬರೀರಿ, ನಾ ಮ್ಯಾಲ ಕಳಸ್ತೀನಿ. ಎಣ್ಣಿ ಮತ್ತ ಕೊಡ್ರಿ ಅಂತ ಕೇಳೂಣು. ಚೌಕದಾಗ ಐದು ಪಾಯಿಂಟ್ ನಾಲ್ಕ ಇರಲಿ. ಅದು ಸುಳ್ಳಲ್ಲಲ್ಲ?”

“ಸುಳ್ಳಲ್ರೀ.”

“ಮತ್ತ?”

“ಬೀಬಿಜಾನ್ ಎರಡ ಸಲ ಪತ್ರ ಬರದಾಳ್ರೀ ಸರ್. ಎರಡಕ್ಕೂ ಐದು ಪಾಯಿಂಟ್ ನಾಲ್ಕ ಉತ್ತರ ಕೊಟ್ಟೈತಿ.”

ಇನಾಮದಾರ ಹಾಳೆಗಳನ್ನು ಜೋಡಿಸಿ ಅವಳ ಕಡೆ ಸರಿಸಿದರು. “ನಾ ಹೇಳಂಗಿಲ್ಲ, ತಡಿಯಂಗೂ ಇಲ್ಲ. ನಮೂನಿ ತುಂಬೋರು ನೀವು” ಎಂದರು.

ಮನೆಯಲ್ಲಿ ಊಟಕ್ಕೆ ಕೂತಾಗ ನೀಲಗಂಗಾ ವಿಷಯ ತೆಗೆದಳು. ಫಕೀರವ್ವ ಬಟ್ಟಲನ್ನು ಕೆಳಗಿಟ್ಟಳು.

“ಅಂದ್ರ ಮತ್ತ ಗಿರಣಿ ಸಾಲಿಗೆ ನಿಲ್ಲಸ್ತಿ ನನ್ನ?”

“ನೀವ್ಯಾಕ ಹೋಗತೀರಿ ಅತ್ತಿ...”

“ಯಾರು ಹೋಗೋರು? ನೀ ನಸಿಕಿನಾಗ ಹೋಗಾಕಿ, ಈ ಸಿಂಚನಾ ನಿನಗಿಂತ ಮದಲ ಹೋಗಾಕಿ. ಐವತ್ತ ವರ್ಷ ಕಾಳು ಹೊತ್ತೀನಿ ನೀಲಾ. ನೆತ್ತಿ ಮುಟ್ಟಿ ನೋಡು, ಕೂದಲಿಲ್ಲ. ಈ ಆರ ವರ್ಷ ಹಿಟ್ಟು ಮನಿಗೆ ಬಂತು, ನಾ ಕುಂತು ಉಂಡೆ. ಅದೂ ನಿನ್ನ ಕಣ್ಣಿಗೆ ಬಿತ್ತು.”

ಸಿಂಚನಾ ಹೊನ್ನಿಗೆ ಅಂಬಲಿ ತಿನ್ನಿಸುತ್ತಿದ್ದವಳು ಚಮಚ ಹಿಡಿದೇ ಕೇಳಿದಳು: “ಅವ್ವಾ, ನಾ ಸರಿಯಾಗಿ ತಿನಸಂಗಿಲ್ಲ ಅಂತ ಅಂಗನವಾಡಿ ಟೀಚರ ರಿಜಿಸ್ಟರದಾಗ ಬರದಾರ. ಆಜೂಬಾಜೂದವರು ಅದನ್ನ ಅಂತಾರ. ಅದು ನನ್ನ ತಪ್ಪಲ್ಲ ಅಂತ ನಿನಗ ಖಾತ್ರಿ ಐತೇನು?”

“ಮುಕ್ಕಾಲ ಪಾಲು.”

“ಉಳದ ಕಾಲು?”

ಎಂಟು ಮಕ್ಕಳಿಂದ ಪೂರಾ ಖಾತ್ರಿ ಎನ್ನಲು ನೀಲಗಂಗಾಳಿಗೆ ಬಾಯಿ ಬರಲಿಲ್ಲ. ಮಗಳ ಮುಂದೆಯೂ ಬರಲಿಲ್ಲ. ಹೊನ್ನಿ ಚಮಚ ಕಿತ್ತುಕೊಂಡು ನೆಲಕ್ಕೆ ಬಡಿದಳು. ಫಕೀರವ್ವ ಅದನ್ನು ತೊಳೆದು ತಂದುಕೊಟ್ಟಳು, ಸೊಸೆಯ ಕಡೆ ನೋಡದೆ.

ಮರುದಿನ ನಮೂನೆ ತುಂಬುವ ದಿನ. ತೇವಾಂಶ, ಬೂದಿ, ನಾರು, ಸಾರಜನಕ ಎಲ್ಲ ತುಂಬಿದಳು. ಕೊಬ್ಬಿನ ಚೌಕದ ಹತ್ತಿರ ಕೈ ನಿಂತಿತು. ಈಥರಿನ ಸಂಖ್ಯೆ ಬರೆದರೆ ಅದೂ ನಿಜವಲ್ಲ. ಮಕ್ಕಳಿಗೆ ಒಂದಿಷ್ಟಾದರೂ ದಕ್ಕುತ್ತಿದೆ. ಆಸಿಡ್ಡಿನದು ಬರೆದರೆ ನಿಜವೇ, ಆದರೆ ಆ ನಿಜ ಹನ್ನೊಂದು ಕೂಸುಗಳ ಬಾಯಿ ಮುಚ್ಚಿಸುತ್ತದೆ. ಸಣ್ಣದೊಂದು ಕೈತಪ್ಪು ತನ್ನ ಕೆಲಸದಲ್ಲಿ ಇದ್ದಿದ್ದರೆ, ಆರು ವರ್ಷದ ಹಿಂದೆ ಬೇಸರಪಟ್ಟು ಒಂದೇ ತಾಸಿಗೆ ಒಲೆ ಆರಿಸಿದ್ದರೆ, ಮೂರು ಪಾಯಿಂಟ್ ಒಂಬತ್ತು ಬರುತ್ತಿತ್ತು, ಎಣ್ಣೆ ನಿಲ್ಲುತ್ತಿರಲಿಲ್ಲ. ಒಂದು ಹನಿಯೂ ಸೋರಬಾರದೆಂದು ಮತ್ತೆ ಮತ್ತೆ ಕುದಿಸಿದ್ದು ಅವಳೇ. ಯಾರೂ ಹಾಗೆ ಮಾಡು ಎಂದಿರಲಿಲ್ಲ.

ಅವಳು ಚೌಕವನ್ನು ಖಾಲಿ ಬಿಟ್ಟಳು. ಷರಾದ ಜಾಗದಲ್ಲಿ ಬರೆದಳು: “ಹಿರೇಮಾಳ ಕ್ರಮವನ್ನು ರೂಪಿಸಿದವಳು ನಾನು. ಹಿಟ್ಟಿನಲ್ಲಿ ಎಷ್ಟು ಕೊಬ್ಬಿದೆ ಎಂಬುದನ್ನು ಅದು ಹೇಳುತ್ತದೆ. ಮಗುವಿಗೆ ಎಷ್ಟು ದಕ್ಕುತ್ತದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ಅಳೆಯುವ ಕ್ರಮ ಸಿಗುವವರೆಗೆ ಮಕ್ಕಳ ಹಿಟ್ಟಿಗೆ ಈ ಕ್ರಮವನ್ನು ಬಳಸಬಾರದೆಂದು ಕೋರುತ್ತೇನೆ.” ಎಂಟು ಮಕ್ಕಳ ಹಾಳೆಗಳನ್ನು ಲಗತ್ತಿಸಿ, ಸಹಿ ಮಾಡಿ ಕಳಿಸಿದಳು.

ಎಂಟು ದಿನಕ್ಕೆ ಪೊಟ್ಟಣ ನಿಂತವು. ಗೋದಾಮಿನಿಂದ ಹಳೆಯ ಸಜ್ಜೆಯ ಕಾಳು ಬಂತು. ಮುಚ್ಚಿದ್ದ ಗಿರಣಿಯ ಬಾಗಿಲು ತೆರೆಯಿತು, ಸಾಲು ಓಣಿಯ ತಿರುವಿನವರೆಗೆ ಬೆಳೆಯಿತು. ನೀಲಗಂಗಾ ಕೆಲಸ ಮುಗಿಸಿ ಹನ್ನೊಂದಕ್ಕೆ ನೇರ ಅಲ್ಲಿಗೆ ಹೋಗಿ ಫಕೀರವ್ವನ ಬದಲು ನಿಲ್ಲುತ್ತಿದ್ದಳು. ಸಾಲಿನಲ್ಲಿ ಅವಳ ಹಿಂದೆ ಮುಂದೆ ಒಂದು ಮಾರು ಜಾಗ ಬಿಡುತ್ತಿದ್ದರು.

“ಬಂದ್ಳು ನೋಡು, ಹೇಲು ತೂಗಾಕಿ,” ಎಂದು ಯಾರೋ ಅಂದರೆ ಉಳಿದವರು ನಗುತ್ತಿದ್ದರು. ನಗುವುದು ನಿಂತದ್ದು ಮೂರನೆಯ ವಾರ. ಮುಂದಿನ ಓಣಿಯ ದುರಗವ್ವ, ಅರವತ್ತರ ಹೆಂಗಸು, ಕಾಳಿನ ಚೀಲದ ಮೇಲೆ ಕೂತಿದ್ದವಳು ಪಕ್ಕಕ್ಕೆ ವಾಲಿದಳು. ನೀಲಗಂಗಾ ಓಡಿಹೋಗಿ ತಲೆಯ ಮೇಲೆ ನೀರು ಹೊಯ್ದಳು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಮೈ ಕಾದ ಹಂಚಿನಂತಿತ್ತು. ದುರಗವ್ವ ತಿರುಗಿ ಬರಲಿಲ್ಲ.

ಆ ದಿನ ಫಕೀರವ್ವ ಸೊಸೆಯನ್ನು ಬೈಯಲಿಲ್ಲ. ನೀರಿನ ತಂಬಿಗೆ ತಂದು ಮುಂದಿಟ್ಟು, “ಕುಡಿ. ನೀನೂ ಸಾಲಿನಾಗ ನಿಂತು ಬಂದೀದಿ” ಎಂದಳು. ನೀಲಗಂಗಾಳಿಗೆ ಬೈಗುಳವೇ ಮೇಲಾಗಿತ್ತು ಅನಿಸಿತು.

ಏಳು ವಾರಕ್ಕೆ ಬಾಳಿಕೆ ಸಜ್ಜೆ ಮತ್ತೆ ಬಂತು. ಮಕ್ಕಳ ಪೊಟ್ಟಣದ ಜೊತೆ ಅಂಗೈಯಗಲದ ಎಣ್ಣೆಯ ಪ್ಯಾಕೆಟ್ಟು ಇತ್ತು. ಯಾಕೆ ಕೊಟ್ಟರು ಎಂದು ಯಾವ ಪತ್ರವೂ ಬರಲಿಲ್ಲ. ನಮೂನೆಯ ಚೌಕ ಹಾಗೆಯೇ ಇತ್ತು; ಅದನ್ನು ತುಂಬುವ ಕೆಲಸವನ್ನು ಬೇರೆ ಊರಿನ ಪರೀಕ್ಷಾಲಯಕ್ಕೆ ವಹಿಸಿದ್ದರು. ನೀಲಗಂಗಾಳಿಗೆ ಈಗ ತೇವಾಂಶ ಮತ್ತು ಬೂದಿ ಅಳೆಯುವ ಕೆಲಸ ಮಾತ್ರ.

ಮುಂದಿನ ಎರಡು ತೂಕದಲ್ಲಿ ಹೊನ್ನಿ ಆರುನೂರು ಗ್ರಾಂ ಏರಿದಳು. ಬೀಬಿಜಾನ್ ಹನ್ನೊಂದು ಮಕ್ಕಳಲ್ಲಿ ಎಂಟರ ಮುಳ್ಳು ಮುಂದೆ ಸರಿದಿದೆ ಎಂದು ಹೇಳಿಕಳಿಸಿದಳು. ಸಿಂಚನಾಳ ಹೆಸರಿನ ಮುಂದಿನ ಷರಾವನ್ನು ಹೊಡೆದು ಹಾಕಿದ್ದಾಗಿಯೂ ಹೇಳಿದಳು.

ಆದರೆ ಅದೇ ಎರಡು ತಿಂಗಳಲ್ಲಿ ಬೇಸಿಗೆ ಮುಗಿದಿತ್ತು, ಮಕ್ಕಳ ಹಸಿವು ಮರಳಿತ್ತು. ಹೊನ್ನಿಗೆ ದವಡೆ ಹಲ್ಲು ಬಂದು ಅವಳು ಮೊಟ್ಟೆ ತಿನ್ನತೊಡಗಿದ್ದಳು. ಮುಳ್ಳು ಸರಿದದ್ದು ಎಣ್ಣೆಯಿಂದಲೋ, ಮೊಟ್ಟೆಯಿಂದಲೋ, ತಂಪಿನಿಂದಲೋ ತಿಳಿಯದು. ಸರಿಯದೆ ಉಳಿದ ಮೂರು ಮಕ್ಕಳದು ಯಾಕೆ ಸರಿಯಲಿಲ್ಲ ಎಂಬುದೂ ತಿಳಿಯದು. ಚೌಕದಲ್ಲಿ ಹಳೆಯ ಸಂಖ್ಯೆಯನ್ನೇ ಬರೆದು, ಇನ್ನೊಂದು ಪತ್ರ ಕಳಿಸಿ ಕಾದಿದ್ದರೆ ಎಣ್ಣೆ ಬರುತ್ತಿತ್ತೇ, ದುರಗವ್ವ ಉಳಿಯುತ್ತಿದ್ದಳೇ ಎಂದು ನೀಲಗಂಗಾ ಇನಾಮದಾರರನ್ನು ಒಮ್ಮೆ ಕೇಳಿದಳು. ಅವರು ಗೊತ್ತಿಲ್ಲ ಎಂದರು. ಆ ಆರು ವರ್ಷ ಎಣ್ಣೆಯಿಲ್ಲದ ಹಿಟ್ಟು ತಿಂದು ಬೆಳೆದ ಮಕ್ಕಳು ಈಗ ಶಾಲೆಯಲ್ಲಿದ್ದಾರೆ, ಓಡುತ್ತಾರೆ, ಮಗ್ಗಿ ಹೇಳುತ್ತಾರೆ. ಅವರಿಗೆ ದಕ್ಕದೆ ಹೋದದ್ದು ಎಷ್ಟು, ಅದರಿಂದ ಏನು ಕಡಿಮೆಯಾಯಿತು, ಏನಾದರೂ ಕಡಿಮೆಯಾಯಿತೇ ಎಂಬುದನ್ನು ಯಾರೂ ಅಳೆದಿಲ್ಲ. ಹೇಗೆ ಅಳೆಯಬೇಕೆಂದು ಯಾರಿಗೂ ಗೊತ್ತಿಲ್ಲ.